ಮೂರು ಕೆಮ್ಮು, ಒಂದು ಗ್ಯಾಸ್ ಒಲೆ

ಶ್ರಾವಣ ಮುಗಿದ ಮೇಲಿನ ಮೊದಲ ಭಾನುವಾರ ಸಂಜೆ ಐದೂವರೆಗೆ ನಮ್ಮ ಹಿತ್ತಲ ಗೋಡೆಯ ಆಚೆಯಿಂದ ಮೂರು ಕೆಮ್ಮು ಕೇಳಿಸಿದವು. ಮೊದಲನೆಯದು ಸಣ್ಣದು. ಎರಡನೆಯದು ಸ್ವಲ್ಪ ದೊಡ್ಡದು. ಮೂರನೆಯದು ಅರ್ಧಕ್ಕೇ ನಿಂತದ್ದು. ಆ ಹೊತ್ತಿಗೆ ಅಬ್ಬಾ ಕೆಂಡದ ಮೇಲೆ ಕಬಾಬಿನ ಸಲಾಕೆಗಳನ್ನು ತಿರುಗಿಸುತ್ತಿದ್ದರು. ತಿರುಗಿಸುವ ಕೈ ಹಾಗೇ ನಿಂತಿತು. ಮುಂದಿನ ಎಂಟು ದಿನ ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಏನೇನು ನಡೆಯಿತೋ ಅದಕ್ಕೆಲ್ಲ ಈ ಮೂರು ಕೆಮ್ಮೇ ಮೂಲ. ಹಾಗಾಗಿ ಅವನ್ನು ಅಂದೇ ಡೈರಿಯಲ್ಲಿ ಅಳತೆ ಸಮೇತ ಬರೆದಿಟ್ಟಿದ್ದೆ.

ಅಬ್ಬಾ ಅಂದರೆ ಜಮಾಲುದ್ದೀನ, ಕೊಟ್ಟೂರು ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವರು. ಟ್ರ್ಯಾಕ್ಟರಿನ ಟ್ರೇಲರಿನಿಂದ ಹಿಡಿದು ತೊಟ್ಟಿಲಿನ ಕೊಂಡಿಯವರೆಗೆ ಮುರಿದದ್ದನ್ನೆಲ್ಲ ಜೋಡಿಸುತ್ತಾರೆ. ಅವರಿಗೆ ಜೋಡಿಸಲು ಬಾರದ್ದು ತಮ್ಮ ತಲೆಯೊಳಗಿನ ಎರಡು ಯೋಚನೆಗಳನ್ನು ಮಾತ್ರ. ಅದು ಬಿಟ್ಟರೆ ಅವರಂಥ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಮಗಳ ಮಾತು ಅಂದುಕೊಳ್ಳುವವರು ಮುಂದಕ್ಕೆ ಓದಬೇಕು.

ಆ ಸಲಾಕೆಗಳ ವಿಷಯ ಮೊದಲು ಹೇಳಬೇಕು. ನನ್ನ ದಾದಾ, ಅಂದರೆ ಅಬ್ಬಾನ ಅಪ್ಪ, ಸವೆದ ಬಂಡಿಗಾಲಿಯ ಕಬ್ಬಿಣದ ಪಟ್ಟಿಯಿಂದ ತಮ್ಮ ಕೈಯಾರೆ ಬಡಿದು ಮಾಡಿದ ಏಳು ಸಲಾಕೆಗಳು ಅವು. ದಾದಾ ತೀರಿಕೊಳ್ಳುವಾಗ, ಚೆನ್ನಾಗಿ ಸುಡುವ ಕೈಯಲ್ಲಿ ಇವು ಇರಲಿ ಅಂದಿದ್ದರಂತೆ. ಯಾವ ಕೈ ಚೆನ್ನಾಗಿ ಸುಡುತ್ತದೆ ಎಂದು ತೀರ್ಪು ಕೊಡುವ ಅಧಿಕಾರ ಹಿರಿಮಗಳು ಸೈದಾ ಬೀಗೆ, ಅಂದರೆ ಕೊಟ್ಟೂರಿನಲ್ಲಿರುವ ಅಬ್ಬಾನ ಅಕ್ಕ, ನನ್ನ ಫುಪ್ಪುವಿಗೆ. ಅವರು ವರ್ಷಕ್ಕೊಂದು ಸಲ ಬಂದು ತಿಂದು ನೋಡುತ್ತಾರೆ. ಹತ್ತೊಂಬತ್ತು ವರ್ಷದಿಂದ ಸಲಾಕೆಗಳು ನಮ್ಮ ಹಿತ್ತಲ ಗೂಟದಲ್ಲೇ ತೂಗುತ್ತಿವೆ. ಹಗರಿಬೊಮ್ಮನಹಳ್ಳಿಯ ಇಶ್ತಿಯಾಕ ಚಾಚಾ, ಅಬ್ಬಾನ ತಮ್ಮ, ಪ್ರತಿ ವರ್ಷವೂ ಖಾಲಿ ಚೀಲ ಹಿಡಿದು ಬಂದು ಖಾಲಿ ಚೀಲ ಹಿಡಿದೇ ಹೋಗುತ್ತಾರೆ. ಈ ವರ್ಷದ ತೀರ್ಪು ಬರುವ ಭಾನುವಾರಕ್ಕಿತ್ತು.

ಇನ್ನು ಗೋಡೆಯಾಚೆಯವರು. ಅದು ಮೆಕ್ಕೆಜೋಳದ ವ್ಯಾಪಾರಿ ಪಂಚಾಕ್ಷರಪ್ಪನವರ ಮನೆ. ಸೋಮವಾರ ನಮ್ಮ ಹಿತ್ತಲಲ್ಲಿ ಕೆಂಡ ಹಚ್ಚುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಹಚ್ಚುವುದಿಲ್ಲ. ರಂಜಾನಿನಲ್ಲಿ ಸಂಜೆ ನಮಾಜಿನ ಹೊತ್ತಿಗೆ ಅವರ ಮನೆಯ ಟಿವಿ ತಾನಾಗಿ ಮೆತ್ತಗಾಗುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿದ್ದಲ್ಲ, ಯಾರೂ ಯಾರನ್ನೂ ಕೇಳಿದ್ದಲ್ಲ. ಎರಡು ಮನೆಗಳ ನಡುವೆ ಇಪ್ಪತ್ತು ವರ್ಷ ಹೇಳದೆ ಕೇಳದೆ ಎಲ್ಲವೂ ಸರಿಯಾಗಿ ನಡೆದಿತ್ತು. ತೊಂದರೆ ಬಂದದ್ದೂ ಅಲ್ಲಿಂದಲೇ.

ಕೆಮ್ಮು ಕೇಳಿದ ಅಬ್ಬಾ ಮೊದಲು ಒಳಗೆ ಹೋಗಿ ಕ್ಯಾಲೆಂಡರ್ ನೋಡಿದರು. ಶ್ರಾವಣ ಮುಗಿದಿತ್ತು. ನಂಬದೆ ಪಕ್ಕದ ಅಂಗಡಿಯ ಕ್ಯಾಲೆಂಡರ್ ನೋಡಿ ಬಂದರು. ಅಲ್ಲಿಯೂ ಮುಗಿದಿತ್ತು. ಅಂದ ಮೇಲೆ ತಪ್ಪು ತಿಂಗಳದ್ದಲ್ಲ, ಹೊಗೆಯದ್ದು ಎಂದು ತೀರ್ಮಾನವಾಯಿತು.

“ಇಪ್ಪತ್ತು ವರ್ಷ ತಡಕೊಂಡಾರ ಪಾಪ,” ಅಂದರು. “ಇವತ್ತ ತಡಿಯಾಕ ಆಗಿಲ್ಲ.”

ಹೋಗಿ ಕೇಳಿಬಿಡಿ ಎಂದು ಅಮ್ಮಿ ಹೇಳಿದರು. ಕೇಳಿದರೆ ಅವರು ಇಲ್ಲ ಅನ್ನುತ್ತಾರೆ, ಮರ್ಯಾದಸ್ಥರು, ಅವರ ಬಾಯಿಂದ ಸುಳ್ಳು ಹೇಳಿಸುವುದೂ ಅವರಿಗೆ ತ್ರಾಸು ಕೊಟ್ಟಂತೆಯೇ ಎಂದು ಅಬ್ಬಾ ವಾದಿಸಿದರು. ಅಮ್ಮಿ ಈರುಳ್ಳಿ ಹೆಚ್ಚಲು ಹೋದರು. ಅಬ್ಬಾ ಕೆಂಡಕ್ಕೆ ನೀರು ಚಿಮುಕಿಸಿದರು. ಆ ದಿನದ ಕಬಾಬು ಅರ್ಧ ಬೆಂದದ್ದನ್ನೇ ಬಾಣಲೆಯಲ್ಲಿ ಹುರಿದು ತಿಂದೆವು.

ಮರುದಿನ ಚೌಡಣ್ಣನ ಚಹಾ ಅಂಗಡಿಯಲ್ಲಿ ಅಬ್ಬಾ ತಾವು ಇದ್ದಿಲು ಬಿಟ್ಟು ಗ್ಯಾಸಿಗೆ ಹೋಗುವುದಾಗಿ ಪ್ರಕಟಿಸಿದರು. ಯಾಕೆ ಎಂದು ಚೌಡಣ್ಣ ಕೇಳಿದ. ಪಂಚಾಕ್ಷರಪ್ಪನವರ ಹೆಸರು ಹೇಳುವಂತಿಲ್ಲ, ಹೇಳಿದರೆ ಅವರು ದೂರಿದಂತಾಗುತ್ತದೆ. ಹಾಗಾಗಿ ಅಬ್ಬಾ ಹೇಳಿದ್ದು ಇಷ್ಟು:

“ಕಾಲ ಬದಲಾಗೈತಿ, ಚೌಡಣ್ಣ.”

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಳ್ಳಾರಿಯಿಂದ ಬಂದಿದ್ದ ಬಸ್ಸಿನ ಕಂಡಕ್ಟರ್ ಒಬ್ಬರು ಚಹಾ ಕುಡಿಯುತ್ತಾ, ಇದ್ದಿಲಿನ ರುಚಿ ಗ್ಯಾಸಿಗೆ ಎಲ್ಲಿ ಬರಬೇಕು ಅಂದುಬಿಟ್ಟರು. ಅಬ್ಬಾ ಗ್ಯಾಸಿನ ಪರವಾಗಿ ವಾದಕ್ಕೆ ನಿಂತರು. ಗ್ಯಾಸಿನಲ್ಲಿ ಉರಿ ಹೇಳಿದ ಮಾತು ಕೇಳುತ್ತದೆ, ಬೂದಿ ಇಲ್ಲ, ಬೀಸಣಿಗೆ ಇಲ್ಲ, ಮಳೆಗಾಲದಲ್ಲಿ ಇದ್ದಿಲಿನಂತೆ ತಂಡಿ ಹಿಡಿದು ಕೂರುವುದಿಲ್ಲ. ತಮಗೇ ನಂಬಿಕೆಯಿಲ್ಲದ ಸಂಗತಿಯನ್ನು ಅವರು ಇಷ್ಟು ಚೆನ್ನಾಗಿ ಹೇಳಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಕಂಡಕ್ಟರು ಬಸ್ಸು ಹತ್ತುವ ಹೊತ್ತಿಗೆ ಸೋತಿದ್ದರು. ಮಧ್ಯಾಹ್ನಕ್ಕೆ ಜಮಾಲಣ್ಣ ಕಬಾಬಿನ ಹೋಟೆಲು ತೆರೆಯುತ್ತಾನೆ ಎಂದು ಸುದ್ದಿಯಾಯಿತು. ಸಂಜೆಗೆ ಇಬ್ಬರು ಬಂದು ಉದ್ಘಾಟನೆ ಯಾವಾಗ ಎಂದು ವಿಚಾರಿಸಿ ಹೋದರು.

ಮಂಗಳವಾರ, ಬುಧವಾರ ಅಬ್ಬಾನ ವೆಲ್ಡಿಂಗ್ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಬುಧವಾರ ಸಂಜೆ ನಮ್ಮ ಹಿತ್ತಲಿಗೆ ಬಂದು ನಿಂತದ್ದು ಎದೆಮಟ್ಟದ ಒಂದು ಉಕ್ಕಿನ ಪೆಟ್ಟಿಗೆ. ಅದಕ್ಕೆ ಮುಚ್ಚಳವಿತ್ತು, ನಾಲ್ಕು ಗಾಲಿಗಳಿದ್ದವು, ಒಳಗೆ ಸಾಲಾಗಿ ಬರ್ನರುಗಳು, ಮುಂದುಗಡೆ ಹಳೆಯ ಟ್ರ್ಯಾಕ್ಟರಿನಿಂದ ಕಿತ್ತು ತಂದ ಬಿಸಿ ತೋರಿಸುವ ಮೀಟರು. ಮುಳ್ಳು ಕೆಂಪು ಗೆರೆಗೆ ಬಂದರೆ ಕಬಾಬು ಬೆಂದಿದೆ ಎಂದು ಅರ್ಥ. ಫೋನಿನಲ್ಲಿ ಯಾವುದೋ ದೇಶದ ಹಿತ್ತಲಿನ ಚಿತ್ರ ನೋಡಿ ಮಾಡಿದ್ದಂತೆ. ಚಿತ್ರದಲ್ಲಿದ್ದದ್ದಕ್ಕಿಂತ ನಮ್ಮದೇ ಗಟ್ಟಿ. ಎತ್ತಲು ನಾಲ್ಕು ಜನ ಬೇಕು.

ಸುದ್ದಿ ಗ್ಯಾಸ್ ಏಜೆನ್ಸಿಗೂ ಮುಟ್ಟಿತ್ತು. ಅಲ್ಲಿಂದ ತಪಾಸಣೆಗೆ ಸಂಜೀವ ಎಂಬವರು ಒಂದು ಫಾರಂ ಹಿಡಿದು ಬಂದರು. ಒಲೆ ಯಾವ ಕೋಣೆಯಲ್ಲಿದೆ ಎಂಬ ಪ್ರಶ್ನೆಗೆ ಫಾರಮಿನಲ್ಲಿ ಹಿತ್ತಲು ಎಂಬ ಉತ್ತರವಿರಲಿಲ್ಲ. ಸಂಜೀವ ಬಹಳ ಹೊತ್ತು ಯೋಚಿಸಿ ‘ಇತರೆ’ಗೆ ಗುರುತು ಹಾಕಿದರು. ಆಮೇಲೆ ಗಾಲಿಗಳನ್ನು ನೋಡಿ, ಮೀಟರನ್ನು ನೋಡಿ, ಇದಕ್ಕೆ ತಾವು ಸಾಕೋ ಅಥವಾ ಸಾರಿಗೆ ಇಲಾಖೆಯವರೂ ಬರಬೇಕೋ ಎಂದು ಕೇಳಿದರು. ಪೈಪು ಬದಲಿಸಿರಿ, ಗೋಡೆಯಿಂದ ದೂರ ಇಡಿರಿ ಅಂದರು. ಅಬ್ಬಾ ಆಗಲೇ ಪೈಪು ಬದಲಿಸಿದರು, ಪೆಟ್ಟಿಗೆಯನ್ನು ಎಳೆದು ಹಿತ್ತಲ ನಡುಮಧ್ಯಕ್ಕೆ ತಂದರು. ಕೆಲಸ ಮುಗಿದ ಮೇಲೆ ಸಂಜೀವ ಪೆಟ್ಟಿಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ವೆಲ್ಡಿಂಗಿನ ಗೆರೆ ಮೇಲೆ ಬೆರಳಾಡಿಸಿ, ಇಂಥ ಕೈಕೆಲಸ ನೋಡಿಲ್ಲ ಎಂದು ಹೇಳಿಯೇ ಹೋದರು.

ಗುರುವಾರ ಬೆಳಿಗ್ಗೆ ಗೋಡೆಯ ಮೇಲೊಂದು ಬಿದಿರ ಬುಟ್ಟಿ ಕಾಣಿಸಿತು. ಒಳಗೆ ಹನ್ನೆರಡು ಎಳೆ ಮೆಕ್ಕೆಜೋಳದ ತೆನೆ, ಹಸಿರು ಸಿಪ್ಪೆ ಸಮೇತ. ಹಿರೇಹಡಗಲಿ ಕಡೆಯ ರೈತರು ಪಂಚಾಕ್ಷರಪ್ಪನವರಿಗೆ ಪ್ರೀತಿಯಿಂದ ತಂದುಕೊಡುವ ಜಾತಿಯವು. ಅಬ್ಬಾ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದನ್ನು ಪತ್ರ ಓದುವಂತೆ ನೋಡಿದರು.

“ತಿಳೀತೇನು ನಿಶಾತ?” ಅಂದರು ನನಗೆ. “ಮಾಂಸ ಬಿಡ್ರಿ, ತೆನಿ ತಿನ್ರಿ ಅಂತ ಹೇಳ್ಯಾರ. ಒಂದು ಮಾತು ಆಡಿಲ್ಲ ನೋಡು. ಬೈಯೋದು ಅಂದ್ರ ಹಿಂಗಿರಬೇಕು.”

ಅವರಿಗೆ ಸಿಟ್ಟು ಬಂದಿರಲಿಲ್ಲ. ಬೈದವರ ಸೌಜನ್ಯಕ್ಕೆ ಅರ್ಧ ಗಂಟೆ ತಲೆದೂಗಿದರು. ಖಾಲಿ ಬುಟ್ಟಿ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಅಮ್ಮಿ ಆರು ತೆನೆಗಳನ್ನು ಉಪ್ಪು ಹಾಕಿ ಮೆತ್ತಗೆ ಕುದಿಸಿ, ಬುಟ್ಟಿಯಲ್ಲಿಟ್ಟು, ನಿಂಬೆಹಣ್ಣು ಒಂದನ್ನು ಮೇಲಿಟ್ಟರು. ಬುಟ್ಟಿಯನ್ನು ಗೋಡೆಯ ಮೇಲಿಟ್ಟವಳು ನಾನು. ಇಟ್ಟು ಓಡಿ ಬಂದು ನನ್ನ ಕಿಟಕಿಯಿಂದ ನೋಡಿದೆ. ಪಂಚಾಕ್ಷರಪ್ಪನವರು ಬಂದು ಒಂದು ತೆನೆ ಎತ್ತಿಕೊಂಡರು. ಅದು ಕುದಿಸಿದ್ದೆಂದು ತಿಳಿದ ಕೂಡಲೇ ಅವರ ಮುಖ ಪರೀಕ್ಷೆಯ ಫಲಿತಾಂಶ ನೋಡಿದವರಂತಾಯಿತು. ತೆನೆಯನ್ನು ಮೆಲ್ಲಗೆ ವಾಪಸ್ಸಿಟ್ಟು, ಬುಟ್ಟಿ ಎದೆಗೆ ಅವಚಿಕೊಂಡು ಒಳಗೆ ಹೋದರು.

ಶುಕ್ರವಾರ ಸಂಜೆ ಐದೂವರೆಗೆ ಮತ್ತೆ ನೋಡಿದೆ. ಅವರು ಗೋಡೆಯ ಬುಡದಲ್ಲಿ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಹತ್ತಿ ನಿಂತು, ನಮ್ಮ ಹಿತ್ತಲ ಕಡೆ ಮೂಗೆತ್ತಿ ಒಂದೆರಡು ಸಲ ಉಸಿರೆಳೆದರು. ಏನೂ ಬರಲಿಲ್ಲವೆಂದು ಇಳಿದರು. ಇಳಿಯುವಾಗ ಶಲ್ಯದ ಒಳಗಿಂದ ಒಂದು ತೆನೆ ಕೆಳಕ್ಕೆ ಬಿತ್ತು. ಅದನ್ನು ಹೆಕ್ಕಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಶಲ್ಯದೊಳಗೆ ಇಟ್ಟುಕೊಂಡರು.

ಇಷ್ಟು ವರ್ಷದಲ್ಲಿ ನಾನು ಪಂಚಾಕ್ಷರಪ್ಪನವರೊಡನೆ ನಾಲ್ಕೇ ಮಾತು ಆಡಿದ್ದೇನೆ, ಅದರಲ್ಲಿ ಎರಡು ‘ಹೂಂ ರಿ’. ಹಾಗಾಗಿ ಅವರನ್ನು ಕೇಳುವುದು ಆಗದ ಕೆಲಸ. ಅಬ್ಬಾನಿಗೆ ಹೇಳಿದೆ, ಅವರಿಗೆ ತೆನೆ ಸುಟ್ಟುಕೊಳ್ಳಬೇಕಿತ್ತೇನೋ ಎಂದು. ಅಬ್ಬಾ ನನ್ನ ತಲೆ ಸವರಿ, ನಿನ್ನ ಮನಸ್ಸು ಒಳ್ಳೆಯದು ಬೇಟಾ, ಎಲ್ಲರಲ್ಲೂ ಒಳ್ಳೆಯದನ್ನೇ ಕಾಣುತ್ತದೆ ಅಂದರು. ನಾನು ಕಣ್ಣಾರೆ ನೋಡಿದ್ದನ್ನು ಮನಸ್ಸಿನ ಖಾತೆಗೆ ಹಾಕಿಬಿಟ್ಟರು.

ಭಾನುವಾರ ಬಂತು. ಫುಪ್ಪು ಕೊಟ್ಟೂರಿನ ಬಸ್ಸಿನಿಂದ ಇಳಿದು ನೇರ ಹಿತ್ತಲಿಗೇ ಬಂದರು. ಇಶ್ತಿಯಾಕ ಚಾಚಾ ಅವರಿಗಿಂತ ಮೊದಲೇ ಬಂದಿದ್ದರು. ಈ ಸಲದ ಚೀಲ ಉದ್ದನೆಯದು, ಒಳಗೆ ಸಲಾಕೆ ಸುತ್ತಲು ಹಳೆಯ ಸೀರೆಯ ತುಂಡು ಕೂಡ ಇತ್ತು. ಗ್ಯಾಸಿನ ಸುದ್ದಿ ಹಗರಿಬೊಮ್ಮನಹಳ್ಳಿಗೆ ಆಗಲೇ ಹೋಗಿತ್ತೆಂದು ಅದರಿಂದ ತಿಳಿಯಿತು.

ಫುಪ್ಪು ಉಕ್ಕಿನ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿದರು. ಡ್ರೈವರ್ ಎಲ್ಲಿ ಕೂತುಕೊಳ್ಳುತ್ತಾನೆ ಎಂದು ಕೇಳಿದರು. ಅಬ್ಬಾ ಬರ್ನರು ಹಚ್ಚಿ, ಖೀಮಾ ಹಿಡಿಸಿದ ಏಳು ಸಲಾಕೆಗಳನ್ನು ಸಾಲಾಗಿ ಇಟ್ಟು ಮುಚ್ಚಳ ಮುಚ್ಚಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕಬಾಬು ಬೇಯುವಾಗ ಅವರ ಕೈಗೆ ಕೆಲಸವಿರಲಿಲ್ಲ. ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡು ನಿಂತರು. ನಾವೆಲ್ಲರೂ ಮೀಟರು ನೋಡುತ್ತಾ ನಿಂತೆವು. ಮುಳ್ಳು ಕೆಂಪು ಗೆರೆಗೆ ಬಂತು.

ಫುಪ್ಪು ಕಣ್ಣು ಮುಚ್ಚಿ ಅಗಿದರು. ನುಂಗಿದರು. ಕಣ್ಣು ತೆರೆದರು.

“ಬೆಂದೈತಿ,” ಅಂದರು. “ದವಾಖಾನ್ಯಾಗ ಬಾಣಂತಿಗೆ ಕೊಡಬಹುದು.”

ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ ನಡೆಯುತ್ತದೆ, ನಾನು ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೇ. ಫುಪ್ಪು ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ, ಸುತ್ತಲಿನ ನಾಲ್ಕು ಮನೆಗೂ ವಿಷಯ ತಿಳಿಯಲಿ ಎಂದು. ಕೆಂಡ ಯಾಕೆ ಬಿಟ್ಟೆ ಎಂದು ಕನ್ನಡದಲ್ಲಿ ಮೂರು ಸಲ ಕೇಳಿದರು. ಅಬ್ಬಾ ಒಮ್ಮೆ ಗೋಡೆಯ ಕಡೆ ನೋಡಿದರು. ಕಾರಣ ಹೇಳಿದ್ದರೆ ಅಕ್ಕ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಆದರೆ ಗೋಡೆಯಾಚೆ ಜನ ಇದ್ದರು.

“ಕಾಲ ಬದಲಾಗೈತಿ, ಆಪಾ,” ಅಂದರು.

ಹಾಗಾದರೆ ಸಲಾಕೆಯೂ ಬದಲಾಗಲಿ ಎಂದು ಫುಪ್ಪು ಎದ್ದರು. ಅಮ್ಮಿ ತೊಳೆದು ಒರೆಸಿಟ್ಟ ಸಲಾಕೆಗಳನ್ನು ಒಂದೊಂದಾಗಿ ಇಶ್ತಿಯಾಕ ಚಾಚಾನ ಕೈಗೆ ಕೊಡತೊಡಗಿದರು. ಒಂದು. ಎರಡು. ಚಾಚಾ ಒಂದೊಂದನ್ನೂ ಸೀರೆಯ ತುಂಡಿನಲ್ಲಿ ಸುತ್ತಿದರು. ಅಬ್ಬಾ ತಡೆಯಲಿಲ್ಲ. ಮೂರನೆಯದು ಹೋಗುವಾಗ ಮಾತ್ರ ಬಾಯಿ ತೆರೆದರು.

“ಅದರ ತುದಿ ಸ್ವಲ್ಪ ಬಾಗೈತಿ. ಜ್ವಾಕಿ, ಕೈಗೆ ಹತ್ತತೈತಿ.”

ನಾಲ್ಕು, ಐದು, ಆರು ಹೋದವು. ಏಳನೆಯದು ಫುಪ್ಪುವಿನ ಕೈಯಲ್ಲಿತ್ತು. ಐದೂವರೆಯಾಗಿತ್ತು. ಗೋಡೆಯ ಆಚೆ ಹಣ್ಣಿನ ಪೆಟ್ಟಿಗೆ ನೆಲಕ್ಕೆ ಉಜ್ಜಿದ ಸದ್ದು ನನಗೊಬ್ಬಳಿಗೇ ಕೇಳಿಸಿತು. ಇಷ್ಟು ಜನರ ಮುಂದೆ ಮಾತಾಡುವುದು ನನ್ನಿಂದಾಗದು. ಆದ್ದರಿಂದ ಗೋಡೆಯ ಹತ್ತಿರ ಹೋಗಿ ಕೆಮ್ಮಿದೆ. ಒಂದು ಸಣ್ಣದು, ಒಂದು ಸ್ವಲ್ಪ ದೊಡ್ಡದು, ಒಂದು ಅರ್ಧದ್ದು.

ಎಲ್ಲರೂ ನನ್ನನ್ನು ನೋಡಿದರು. ಅಮ್ಮಿ ನೀರು ತರಲು ಹೊರಟರು. ಅಷ್ಟರಲ್ಲಿ ಗೋಡೆಯಾಚೆಯಿಂದ ಉತ್ತರ ಬಂತು, ಮೂರು ಕೆಮ್ಮು, ಅದೇ ಅಳತೆಯವು. ಅದರ ಹಿಂದೆಯೇ ಮೊದಲು ಒಂದು ಜೊತೆ ಹಸಿರು ತೆನೆ ಮೇಲೆದ್ದವು, ಆಮೇಲೆ ವಿಭೂತಿ ಹಚ್ಚಿದ ಹಣೆ, ಆಮೇಲೆ ಪಂಚಾಕ್ಷರಪ್ಪನವರು ಪೂರ್ತಿಯಾಗಿ.

“ಜಮಾಲಸಾಬ್ರ, ನನ್ನಿಂದ ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋರಿ,” ಅಂದರು. “ಹಿತ್ತಲದಾಗ ಹೆಣ್ಮಕ್ಳು ಇರ್ತಾರಂತ ಹೋದ ವಾರ ಮೊದಲ ಕೆಮ್ಮಿ ಗ್ವಾಡಿ ಹತ್ತಿದ್ದೆ. ನೀವು ನನ್ನ ಮುಖ ನೋಡದಂಗ ಒಲಿ ಆರಿಸಿ ಒಳಗ ಹೋದ್ರಿ. ಇಣುಕಿ ನೋಡಾಕ ಬಂದಾನ ಅಂತ ಸಿಟ್ಟಾದ್ರೇನೋ ಅಂತ ಎಂಟು ದಿನ ನನಗ ನಿದ್ದಿಲ್ಲ.”

ಅಬ್ಬಾ ಗೋಡೆಯ ಹತ್ತಿರಕ್ಕೆ ಹೋದರು. “ನಿಮಗ ಹೊಗಿ ತ್ರಾಸು ಕೊಟ್ಟಿಲ್ಲೇನು ಸಾವ್ಕಾರ್ರ?”

ಹೊಗೆಯೇ? ಪಂಚಾಕ್ಷರಪ್ಪನವರು ಗೋಡೆಯ ಮೇಲೆ ಮೊಣಕೈ ಊರಿಕೊಂಡು ಎಲ್ಲ ಹೇಳಿದರು. ಇದ್ದಿಲು ಹತ್ತಿಕೊಳ್ಳುವ ವಾಸನೆ ಬಂದರೆ ಅವರಿಗೆ ತಮ್ಮ ಅವ್ವ ಒಲೆಯ ಮುಂದೆ ಕೂರಿಸಿಕೊಂಡು ತೆನೆ ಸುಟ್ಟುಕೊಡುತ್ತಿದ್ದದ್ದು ನೆನಪಾಗುತ್ತದಂತೆ. ದಿನಕ್ಕೆ ನೂರಾರು ಚೀಲ ಮೆಕ್ಕೆಜೋಳ ಕೈಯಾಡುತ್ತದೆ, ಸುಟ್ಟ ತೆನೆ ತಿಂದು ಮಾತ್ರ ಆರು ವರ್ಷವಾಗಿದೆ. ಮನೆ ಹೊಸದು ಮಾಡಿ ಟೈಲ್ಸು ಹಾಕಿಸಿದ ದಿನದಿಂದ ಅವರ ಹೆಂಡತಿ ಕೊಟ್ರಮ್ಮನವರು ಕೆಂಡ, ಬೂದಿ ಎರಡನ್ನೂ ಹೊಸ್ತಿಲು ದಾಟಿಸಿಲ್ಲ. ಗ್ಯಾಸಿನ ಮೇಲೆ ಸುಟ್ಟರೆ ಮೇಲೆ ಕರಕು, ಒಳಗೆ ಹಸಿ. ನಿಮ್ಮ ಕೆಂಡ ಕಬಾಬಿಗೆ ಹೋಗುವ ಮೊದಲು ಎರಡು ತೆನೆ ಸುಟ್ಟುಕೊಳ್ಳಲೇ ಎಂದು ಕೇಳಲು ಅವರು ಆರು ವರ್ಷ ಧೈರ್ಯ ಕೂಡಿಹಾಕಿದ್ದರು. ಕೇಳಲು ಬಂದ ದಿನವೇ ಕೆಂಡ ಆರಿತು. ಬಾಯಿಬಿಟ್ಟು ಕೇಳಲಾಗದೆ ಬುಟ್ಟಿ ಇಟ್ಟರು. ಬುಟ್ಟಿಗೆ ಉತ್ತರವಾಗಿ ಕುದಿಸಿದ ತೆನೆ ಬಂತು.

“ಬೆಂಕಿ ಇಲ್ಲ, ನೀರು ಕುಡೀರಿ ಅಂದಂಗಾತು ನನಗ,” ಅಂದರು.

ಆಗ ಗೋಡೆಯ ಹಿಂದಿನಿಂದ ಕೊಟ್ರಮ್ಮನವರ ದನಿ ಮಾತ್ರ ಕೇಳಿಸಿತು. “ನಮ್ಮ ಮನ್ಯಾಗ ಬೂದಿ ಬ್ಯಾಡ ಅಂದಿದ್ದೆ ನಾನು. ಆಜುಬಾಜು ಮನ್ಯಾಗೂ ಬ್ಯಾಡ ಅಂದಿದ್ನೇನು?”

ಫುಪ್ಪು ಅಬ್ಬಾನ ಮುಖವನ್ನೇ ನೋಡುತ್ತಿದ್ದರು. “ಇವರ ಸಲುವಾಗಿ ಬಿಟ್ಟಿದ್ದ್ಯಾ?” ಎಂದು ಕೇಳಿದರು. ಅಬ್ಬಾ ನೆಲ ನೋಡಿಕೊಂಡು, ಹಂಗೇನಿಲ್ಲ ಆಪಾ, ಗ್ಯಾಸೂ ಛಲೋನೇ ಐತಿ ಎಂದು ಗೊಣಗಿದರು. ಆ ಕ್ಷಣದಲ್ಲೂ ಅವರು ಪಕ್ಕದ ಮನೆಯ ಹೆಸರನ್ನು ತಮ್ಮ ಬಾಯಿಂದ ತೆಗೆಯಲಿಲ್ಲ. ಫುಪ್ಪು ಇಶ್ತಿಯಾಕ ಚಾಚಾನ ಚೀಲಕ್ಕೆ ಕೈಹಾಕಿ ಆರು ಸಲಾಕೆಗಳನ್ನೂ ಹೊರಗೆಳೆದರು. ಏಳನೆಯದರ ಜೊತೆ ಸೇರಿಸಿ ಅಬ್ಬಾನ ಕೈಗೆ ಕೊಟ್ಟರು.

“ಕೈ ಕೆಟ್ಟಿಲ್ಲ,” ಅಂದರು. “ಇದ್ಲಿ ಹಚ್ಚು.”

ಅಬ್ಬಾನ ಎರಡು ಯೋಚನೆಗಳು ಒಂದಕ್ಕೊಂದು ಕೂಡಿಕೊಂಡದ್ದನ್ನು ನಾನು ಆಗ ನೋಡಿದೆ. ಅವರು ಅಂಗಡಿಗೆ ಓಡಿ ಎಂದೂ ಬಳಸದ ಕಬ್ಬಿಣದ ಬಾಣಲೆಯೊಂದನ್ನು, ಹೊಸ ತಂತಿಯ ಜಾಲರಿಯೊಂದನ್ನು ತಂದರು. ಮಾಂಸ ಮುಟ್ಟದ ಆ ಬಾಣಲೆಯಲ್ಲಿ ಮೊದಲು ಕೆಂಡ ಮಾಡಿದರು. ಜಾಲರಿಯ ಮೇಲೆ ತೆನೆ ಸುಟ್ಟರು. ತೆನೆ ಆದ ಮೇಲೆ ಅದೇ ಕೆಂಡವನ್ನು ಕಬಾಬಿನ ಹಳೆಯ ಒಲೆಗೆ ಸುರಿದರು. ಮೊದಲ ಕೆಂಡ ತೆನೆಗೆ, ಆಮೇಲಿನದು ಕಬಾಬಿಗೆ. ಇಷ್ಟು ಸರಳವಾದದ್ದನ್ನು ಬಾಯಿಬಿಟ್ಟು ಹೇಳಲು ಎರಡು ಮನೆಗಳಿಗೆ ಆರು ವರ್ಷ ಬೇಕಾಯಿತು.

ನಿಂಬೆ, ಉಪ್ಪು, ಖಾರದಪುಡಿ ಸವರಿದ ತೆನೆಯನ್ನು ಪಂಚಾಕ್ಷರಪ್ಪನವರು ಪೆಟ್ಟಿಗೆಯ ಮೇಲೆ ನಿಂತೇ ತಿಂದರು. ಒಂದು ಸಾಲು ಮುಗಿಸಿ, ತೆನೆ ತಿರುಗಿಸಿ, ಇನ್ನೊಂದು ಸಾಲು. ಎರಡನೆಯ ತೆನೆಗೆ ಕೊಟ್ರಮ್ಮನವರ ಕೈಯೂ ಗೋಡೆಯ ಮೇಲೆ ಬಂತು, ಅದರ ಹಿಂದೆ ತಟ್ಟೆ ಬಂತು. ಆಮೇಲೆ ಕಬಾಬಾಯಿತು. ಫುಪ್ಪು ಕಣ್ಣು ಮುಚ್ಚಿ ಅಗಿದು “ಹ್ಞಾಂ” ಅಂದರು. ಅವರ ಮೆಚ್ಚುಗೆಯ ತೀರ್ಪು ಇದಕ್ಕಿಂತ ಉದ್ದವಾಗಿ ಬಂದದ್ದನ್ನು ಯಾರೂ ಕೇಳಿಲ್ಲ.

ಇಶ್ತಿಯಾಕ ಚಾಚಾ ಈ ವರ್ಷ ಖಾಲಿ ಚೀಲದಲ್ಲಿ ಹೋಗಲಿಲ್ಲ. ಪಂಚಾಕ್ಷರಪ್ಪನವರು ಅದರ ತುಂಬ ತೆನೆ ತುಂಬಿ ಕಳಿಸಿದರು. ಮುಂದಿನ ವರ್ಷಕ್ಕೆ ಇನ್ನೂ ದೊಡ್ಡ ಚೀಲ ತರುತ್ತೇನೆ ಎಂದು ಹೇಳಿಹೋದರು, ಸಲಾಕೆಯ ಮಾತೇ ಎತ್ತಲಿಲ್ಲ.

ಉಕ್ಕಿನ ಪೆಟ್ಟಿಗೆ ಈಗ ಚೌಡಣ್ಣನ ಅಂಗಡಿಯಲ್ಲಿದೆ. ಅದರ ಮೇಲೆ ಸಾಲಾಗಿ ಚಹಾ, ಕಾಫಿ, ಹಾಲು ಕುದಿಯುತ್ತವೆ. ಗಾಲಿ ಇರುವುದರಿಂದ ಮಳೆ ಬಂದರೆ ಒಳಗೆ, ಬಿಸಿಲು ಬಂದರೆ ಹೊರಗೆ. ಸಂಜೀವ ಮತ್ತೊಮ್ಮೆ ಫಾರಂ ಹಿಡಿದು ಬಂದು, ಯೋಚಿಸದೆ ‘ಇತರೆ’ಗೆ ಗುರುತು ಹಾಕಿದರು. ಆ ಕಂಡಕ್ಟರು ಅದರ ಚಹಾ ಕುಡಿದು, ಜಮಾಲಸಾಬ್ರು ಅವತ್ತು ಹೇಳಿದ್ದು ಖರೆ, ಗ್ಯಾಸೇ ಮೇಲು ಎಂದು ಒಪ್ಪಿಕೊಂಡರಂತೆ. ಅಬ್ಬಾ ಈಗ ಇದ್ದಿಲಿನ ಪರ ಇದ್ದಾರೆಂದು ಅವರಿಗೆ ಯಾರೂ ಹೇಳಿಲ್ಲ.

ಭಾನುವಾರ ಐದೂವರೆಗೆ ಗೋಡೆಯಾಚೆ ಮೂರು ಕೆಮ್ಮು ಕೇಳಿಸಿದ ಕೂಡಲೇ ಅಬ್ಬಾ ಬೀಸಣಿಗೆ ತೆಗೆದುಕೊಳ್ಳುತ್ತಾರೆ. ಈಚೆ ಕೆಂಡ ಆದರೆ ಕೆಮ್ಮಿ ತಿಳಿಸುವ ಕೆಲಸ ನನ್ನದು. ಪಂಚಾಕ್ಷರಪ್ಪನವರೊಡನೆ ನನ್ನ ಮಾತುಕತೆ ಹೀಗೆ ಬಹಳ ಮುಂದುವರಿದಿದೆ. ಒಂದೇ ಒಂದು ಅನನುಕೂಲವಾಗಿದೆ. ಹೋದ ವಾರ ಅಮ್ಮಿಗೆ ನೆಗಡಿಯಾಗಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಮೂರು ಸಲ ಕೆಮ್ಮಿದರು, ಸೋಮವಾರ ಬೆಳಿಗ್ಗೆ ಏಳಕ್ಕೆ. ಪಂಚಾಕ್ಷರಪ್ಪನವರು ಪೂಜೆಯ ಮಡಿಯಲ್ಲೇ ಎರಡು ತೆನೆ ಹಿಡಿದು ಗೋಡೆ ಹತ್ತಿಬಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗಾದರೂ ನಿಜವಾದ ಕೆಮ್ಮು ಬಂದರೆ ಮುಂಬಾಗಿಲಿಗೆ ಹೋಗಿ ಕೆಮ್ಮಿ ಬರಬೇಕು.